ಬೀದರ್ ನೋಡಿದವರಿಗೆ ಸಮರ್ಕಂದ್

(ಬೀದರಿನಲ್ಲಿ ಒಂದು ಸಂಜೆ ಗೆಳೆಯರ ಓದಿನ ಬಳಗದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಈ ರೂಪಕ್ಕೆ ತಂದಿದ್ದೇನೆ. ಪರದೆ ಮೇಲೆ ತೋರಿಸಿದ ಫೋಟೋಗಳನ್ನು ಬಿಟ್ಟರೆ ಉಳಿದದ್ದೆಲ್ಲ ಇಲ್ಲಿದೆ.)

ಎಲ್ಲರಿಗೂ ಶರಣು.

ಫಾರಿನ್ ಟೂರ್ ಬಗ್ಗೆ ಮಾತಾಡಿ ಎಂದಿದ್ದೀರಿ. ನಮ್ಮೂರಿಗೆ ಬಂದ ಒಬ್ಬ ಫಾರಿನ್‌ನವನಿಂದಲೇ ಶುರು ಮಾಡುತ್ತೇನೆ. ಅಫನಾಸಿ ನಿಕಿತಿನ್ ಅಂತ ಅವನ ಹೆಸರು. ರಷ್ಯಾದ ತ್ವೆರ್ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಹೋರ್ಮುಜ್‌ನಿಂದ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದಿಳಿದ. ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆಯನ್ನೇ ಕಸಿದುಕೊಂಡ. ನಮ್ಮ ಮತಕ್ಕೆ ಬಂದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಅಂದ. ಹೇಗೋ ಬಿಡಿಸಿಕೊಂಡು, ಅದನ್ನು ಮೇಯಿಸುತ್ತಾ ಬೀದರಿಗೆ ಬಂದು, ಕೊನೆಗೆ ಇಲ್ಲಿ ಮಾರಿದ.

ಇಲ್ಲಿ ಕಂಡದ್ದನ್ನು ಅವನು ಬರೆದಿಟ್ಟ. ಸುಲ್ತಾನನ ಅರಮನೆಗೆ ಏಳು ಬಾಗಿಲು. ಬಾಗಿಲಲ್ಲಿ ಕಾವಲುಗಾರರ ಜೊತೆ ಗುಮಾಸ್ತರೂ ಕೂತಿರುತ್ತಾರೆ. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಅಂತ ಬರೆದುಕೊಳ್ಳುತ್ತಾರೆ. ಕಲ್ಲುಕಲ್ಲಿಗೂ ಕೆತ್ತನೆ, ಚಿನ್ನದ ಬಣ್ಣ. ಆಳಂದದ ಜಾತ್ರೆಯ ಬಗ್ಗೆಯೂ ಬರೆದಿದ್ದಾನೆ, ಅಲ್ಲಿಗೆ ಸಾವಿರಾರು ಕುದುರೆ ಬರುತ್ತಿದ್ದವಂತೆ. ದೊಡ್ಡವರು ಬೆಳ್ಳಿ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನಕ್ಕೆ ಮಾತ್ರ ಗತಿ ಇಲ್ಲ ಎಂಬ ಮಾತನ್ನೂ ಸೇರಿಸಿದ್ದಾನೆ. ಪಾಪ, ಊರು ಮುಟ್ಟಲಿಲ್ಲ. ವಾಪಸ್ ಹೋಗುವಾಗ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಬರೆದದ್ದು ಉಳಿಯಿತು.

ಆ ಕಾಲಕ್ಕೆ ಜನ ಕಡಲು ದಾಟಿ ನೋಡಲು ಬರುವ ಊರು ನಮ್ಮದಾಗಿತ್ತು. ಇವತ್ತು ನಮ್ಮ ಜನ ರಜೆ ಸಿಕ್ಕರೆ ದುಬೈ, ಸಿಂಗಾಪುರ, ದುಡ್ಡಿದ್ದರೆ ಯೂರೋಪ್ ಅಂತ ಹೋಗುತ್ತಾರೆ. ಹೋಗಲಿ, ಬೇಡ ಅನ್ನಲು ನಾನ್ಯಾರು? ಆದರೆ ಬೀದರ್, ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಓದಲು ಸುಲಭವಾದ ಒಂದು ನಾಡು ಇದೆ. ಅದು ಉಜ್ಬೇಕಿಸ್ತಾನ. ಅಲ್ಲಿನ ಸಮರ್ಕಂದ್ ಮತ್ತು ಬುಖಾರಾ ನೋಡಲು ನಾನೂ ನಮ್ಮ ಮನೆಯವರೂ ಹೋಗಿ ಬಂದೆವು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಅಲ್ಲಿ ಅರ್ಧ ಊರು ಮತ್ತೆ ಕಟ್ಟಿದ್ದು, ಇಲ್ಲಿ ಅರ್ಧ ಊರು ಬಿದ್ದದ್ದು. ಇಲ್ಲಿಯದನ್ನು ನೋಡಿ ಹೋದರೆ ಅಲ್ಲಿಯದು ಅರ್ಥವಾಗುತ್ತದೆ. ಅಲ್ಲಿಯದನ್ನು ನೋಡಿ ಬಂದರೆ ಬೀದರಿನ ನಮ್ಮ ಮಹಮೂದ್ ಗವಾನ್ ಮದರಸಾದ ಬೋಳು ಗೋಡೆ ಮೇಲೆ ಏನಿತ್ತು ಅಂತ ಗೊತ್ತಾಗುತ್ತದೆ.

ನಾನು ಇತಿಹಾಸದ ಮೇಷ್ಟ್ರಲ್ಲ. ಕಟ್ಟಡಗಳ ರಿಪೇರಿ ಮಾಡಿಸುತ್ತಾ ನೌಕರಿ ಮುಗಿಸಿದವನು. ಸೋರುವ ಮಾಳಿಗೆ, ಉದುರುವ ಗಿಲಾವು, ಬಿರುಕು ಬಿಟ್ಟ ಗೋಡೆ, ಇವೇ ನನ್ನ ಲೋಕ. ಹಾಗಾಗಿ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ರಿಪೇರಿ ಆದ ಜಾಗಕ್ಕೆ. ನಮ್ಮ ಮನೆಯವರು ಫೋಟೋಕ್ಕೆ ನಿಲ್ಲಿ ಅಂದರೆ ನಾನು ಗೋಡೆ ತಡವುತ್ತಾ ನಿಂತಿರುತ್ತೇನೆ.

ದಾರಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇಲ್ಲಿಂದ ಹೈದರಾಬಾದ್, ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ತಾಷ್ಕೆಂಟ್‌ಗೆ ವಿಮಾನದಲ್ಲಿ ಸುಮಾರು 3 ಗಂಟೆ. ವೀಸಾ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡಿಕೊಳ್ಳಬಹುದು.

ತಾಷ್ಕೆಂಟ್ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ಪ್ರಧಾನಿಯಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿಯವರ ನೆನಪು. 1966ರ ಜನವರಿ 10ರಂದು ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು, ಅದೇ ರಾತ್ರಿ ಕಳೆದು 11ರ ನಸುಕಿನಲ್ಲಿ ತೀರಿಕೊಂಡರು. ಅಲ್ಲಿ ಅವರ ಹೆಸರಿನ ರಸ್ತೆ ಇದೆ, ಪ್ರತಿಮೆ ಇದೆ. ಅದೇ ವರ್ಷ ಏಪ್ರಿಲ್ 26ರಂದು ತಾಷ್ಕೆಂಟ್‌ನಲ್ಲಿ ದೊಡ್ಡ ಭೂಕಂಪವಾಗಿ ಹಳೆಯ ಊರು ಬಹಳಷ್ಟು ನೆಲ ಕಚ್ಚಿತು. 1993ರ ಕಿಲ್ಲಾರಿ ಭೂಕಂಪದ ನಸುಕು ನಮಗೆಲ್ಲ ನೆನಪಿದೆಯಲ್ವಾ, ಮಂಚ ಅಲ್ಲಾಡಿ ಬೀದಿಗೆ ಓಡಿ ಬಂದಿದ್ದೆವು. ಅಂಥದ್ದೇ ಒಂದು ನಸುಕು ಆ ಊರಿನ ಚಹರೆಯನ್ನೇ ಬದಲಿಸಿತು. ಈಗಿನ ಅಗಲ ರಸ್ತೆ, ಸಾಲು ಮರ, ದೊಡ್ಡ ದೊಡ್ಡ ಕಟ್ಟಡ ಬಹುಪಾಲು ಆಮೇಲಿನವು. 1977ರಲ್ಲಿ ಶುರುವಾದ ಮೆಟ್ರೋ ಮಾತ್ರ ನೋಡಲೇಬೇಕು. ಒಂದೊಂದು ನಿಲ್ದಾಣವೂ ಒಂದೊಂದು ಅರಮನೆ ಥರ ಇದೆ. 2018ರವರೆಗೆ ಅಲ್ಲಿ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ, ಈಗ ಬಿಡುತ್ತಾರೆ. ತಾಷ್ಕೆಂಟ್‌ಗೆ ಇಷ್ಟು ಸಾಕು.

ಸಮರ್ಕಂದ್‌ಗೆ ಆಫ್ರೊಸಿಯೋಬ್ ಅನ್ನುವ ವೇಗದ ರೈಲಿದೆ, 2 ಗಂಟೆ ಚಿಲ್ಲರೆ ಪ್ರಯಾಣ. ಇಳಿದವರೆಲ್ಲ ಮೊದಲು ಓಡುವುದು ರೆಗಿಸ್ತಾನ್ ಚೌಕಕ್ಕೆ. ಮೂರು ಕಡೆ ಮೂರು ಮದರಸಾ, ನಡುವೆ ಬಯಲು. ಪಡುವಣ ಬದಿಯದು ಸಮರ್ಕಂದ್‌ನ್ನು ರಾಜಧಾನಿ ಮಾಡಿಕೊಂಡಿದ್ದ ದೊರೆ ತೈಮೂರನ ಮೊಮ್ಮಗ ಉಲುಘ್ ಬೇಗ್ ಕಟ್ಟಿಸಿದ್ದು, 1420ಕ್ಕೆ ಮುಗಿದದ್ದು. ಎದುರಿಗಿರುವ ಶೇರ್‌ದೋರ್ 1636ರದ್ದು. ನಡುವಿನ ತಿಲ್ಯಾ ಕೋರಿ 1660ರದ್ದು, ಒಳಗೆ ಹೋದರೆ ಕಣ್ಣು ಕುಕ್ಕುವಷ್ಟು ಚಿನ್ನದ ಲೇಪ. ಉಲುಘ್ ಬೇಗ್ ಮದರಸಾಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ, ಶೇರ್‌ದೋರ್‌ಗೆ ಸಂಜೆಯದು. ಒಂದೇ ಸಲ ಹೋಗಿ ಬಂದರೆ ಒಂದು ಕಟ್ಟಡ ನೆರಳಲ್ಲೇ ಉಳಿಯುತ್ತದೆ. ಹಾಗಾಗಿ ಎರಡು ಹೊತ್ತೂ ಹೋಗಿ. ಟೂರ್ ಕಂಪನಿಯವರು ಅಲ್ಲಿಗೆ ಒಂದು ಗಂಟೆ ಕೊಡುತ್ತಾರೆ. ಆ ಒಂದು ಗಂಟೆಯಲ್ಲಿ ಅರ್ಧ ಗಂಟೆ ಸೆಲ್ಫಿಗೇ ಹೋಗುತ್ತದೆ.

ಉಲುಘ್ ಬೇಗ್ ಮದರಸಾದ ಒಳಗೆ ಕಾಲಿಟ್ಟಾಗ ನಮ್ಮ ಮನೆಯವರು ಅಂದದ್ದು, "ಇದು ನಮ್ಮ ಗವಾನ್ ಮದರಸಾನೇ ಅಲ್ವಾ?" ಹೌದು. ನಡುವೆ ತೆರೆದ ಅಂಗಳ, ನಾಲ್ಕೂ ಬದಿಯ ನಡುಮಧ್ಯೆ ಎತ್ತರದ ಕಮಾನಿನ ಪಡಸಾಲೆ, ಸುತ್ತಲೂ ವಿದ್ಯಾರ್ಥಿಗಳ ಕೋಣೆ, ಮೂಲೆಗೆ ಮಿನಾರು. ನಮ್ಮದು 1472ರದ್ದು. ಮೂರು ಅಂತಸ್ತು. ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದಿಂದ 1453ರಲ್ಲಿ ವ್ಯಾಪಾರಿಯಾಗಿ ಇಲ್ಲಿಗೆ ಬಂದು, ವಜೀರನಾಗಿ, ತನ್ನ ಕಡೆಯ ಮಾದರಿಯಲ್ಲೇ ಕಾಲೇಜು ಕಟ್ಟಿಸಿದ. ಅದರ ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಹೆರಾತ್‌ನಲ್ಲಿದ್ದ ಕವಿ ಜಾಮಿಗೆ ಗವಾನ್ ಪತ್ರ ಬರೆಯುತ್ತಿದ್ದ, ಬೀದರಿಗೆ ಬನ್ನಿ ಅಂತ ಕರೆದಿದ್ದ. ಜಾಮಿ ಬರಲಿಲ್ಲ. ತೈಮೂರನ ವಂಶದವರ ಹೆರಾತ್‌ಗೂ ನಮ್ಮ ಬೀದರಿಗೂ ಅಷ್ಟು ಹೋಗಿಬರುವಿಕೆ ಇತ್ತು. 1481ರಲ್ಲಿ ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನ ಕಿವಿ ಊದಿದರು, ಗವಾನನ ತಲೆ ಹೋಯಿತು. ಆಮೇಲೆ ಬಹಮನಿ ರಾಜ್ಯವೂ ಹೆಚ್ಚು ಕಾಲ ಗಟ್ಟಿಯಾಗಿ ನಿಲ್ಲಲಿಲ್ಲ.

ಈಗ ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಸಮರ್ಕಂದ್‌ನದು ಥಳಥಳ ಹೊಳೆಯುತ್ತದೆ. ನಮ್ಮದರ ಮುಂಭಾಗದ ಅರ್ಧ ಇಲ್ಲವೇ ಇಲ್ಲ. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ, ಸಿಡಿಮದ್ದು ಸ್ಫೋಟವಾಗಿ ಆದ ಹಾನಿ ಅದು. ಹಾಗಾದರೆ ಅವರು ಜೋಪಾನ ಮಾಡಿದರು, ನಾವು ಹಾಳು ಮಾಡಿದೆವು ಅಂತ ಲೆಕ್ಕ ಹಾಕಿಬಿಡಬಹುದು. ಲೆಕ್ಕ ಅಷ್ಟು ಸರಳ ಇಲ್ಲ.

ಹೋಗುವ ಮೊದಲು ಒಂದು ಕೆಲಸ ಮಾಡಿ. ಪ್ರೊಕುದಿನ್ ಗೋರ್ಸ್ಕಿ ಅನ್ನುವ ರಷ್ಯನ್ ಛಾಯಾಗ್ರಾಹಕ ಸುಮಾರು 1910ರ ಆಚೀಚೆ ಸಮರ್ಕಂದ್‌ನಲ್ಲಿ ತೆಗೆದ ಚಿತ್ರಗಳಿವೆ. ಬಣ್ಣದ ಚಿತ್ರಗಳು! ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ. ಅವುಗಳಲ್ಲಿ ರೆಗಿಸ್ತಾನ್ ನೋಡಿದರೆ ನಮ್ಮ ಕೋಟೆಯ ಹಾಗೇ ಕಾಣುತ್ತದೆ. ಉದುರಿದ ಬಿಲ್ಲೆ (ಗೋಡೆಗೆ ಕೂರಿಸುವ ಬಣ್ಣದ ಟೈಲ್), ಬಾಯ್ದೆರೆದ ಇಟ್ಟಿಗೆ, ಮುರಿದ ಗುಂಬಜ್. ಈಗ ಕಾಣುವ ಹೊಳಪಿನ ಬಹುಪಾಲು 20ನೇ ಶತಮಾನದಲ್ಲಿ ಸೋವಿಯತ್ ಕಾಲದ ಎಂಜಿನಿಯರುಗಳೂ ಅಲ್ಲಿನ ಕುಶಲಕರ್ಮಿಗಳೂ ಸೇರಿ ತಂದದ್ದು. ಉಲುಘ್ ಬೇಗ್ ಮದರಸಾದ ಒಂದು ಮಿನಾರು ವಾಲಿಕೊಂಡಿತ್ತು. ಶುಖೋವ್ ಅನ್ನುವ ಹೆಸರಾಂತ ಎಂಜಿನಿಯರ್ ಹಾಕಿಕೊಟ್ಟ ಯೋಜನೆಯಂತೆ 1932ರಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು. ಇಡೀ ಮಿನಾರನ್ನು, ಕೆಡವದೆ! ನನಗೆ ಆ ಚೌಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಬೇಕೆನಿಸಿದ್ದು ಅದನ್ನೇ. ಬೇರೆಯವರು ನನ್ನನ್ನು ನೋಡುತ್ತಿದ್ದರು.

ಶೇರ್‌ದೋರ್‌ನ ಬಾಗಿಲ ಕಮಾನಿನ ಮೇಲೆ ಒಂದು ಚಿತ್ರ ಇದೆ. ಹುಲಿಯಂಥ ಸಿಂಹ ಜಿಂಕೆಯ ಬೆನ್ನಟ್ಟಿದೆ, ಅದರ ಬೆನ್ನ ಹಿಂದಿನಿಂದ ಸೂರ್ಯ ಏಳುತ್ತಿದ್ದಾನೆ, ಸೂರ್ಯನಿಗೆ ಮನುಷ್ಯನ ಮುಖ. ಗೈಡುಗಳು ಇದು ತುಂಬಾ ಅಪರೂಪ ಎನ್ನುತ್ತಾರೆ. ಬೀದರಿನವರು ಅಲ್ಲಿ ಸುಮ್ನೆ ತಲೆ ಆಡಿಸಬೇಡಿ. ನಮ್ಮ ಕೋಟೆಯ ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ, ಅಳಿದುಳಿದ ಬಣ್ಣದ ಬಿಲ್ಲೆಗಳಲ್ಲಿ, ಹುಲಿ ಮತ್ತು ಅದರ ಬೆನ್ನಿಗೆ ಸೂರ್ಯ ಇದೆ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಕಾಲದ ಅರಮನೆ ಎಂದು ಹೇಳುವ ಕಟ್ಟಡ ಅದು. ಅಂದರೆ ಶೇರ್‌ದೋರ್‌ಗಿಂತ ಸುಮಾರು 200 ವರ್ಷ ಹಳೆಯದು. ನಮ್ಮದನ್ನು ನೋಡಿ ಅವರು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಸಿಂಹ, ಸೂರ್ಯ ಎರಡೂ ಇರಾನಿನ ಕಡೆಯ ಹಳೆಯ ಗುರುತುಗಳು, ಅಲ್ಲಿಂದ ಎರಡೂ ಕಡೆ ಹರಿದವು. ಆದರೆ ಅಲ್ಲಿ ಅದು ನೋಟಿನ ಮೇಲೆ ಅಚ್ಚಾಯಿತು, ಹಳೆಯ 200 ಸೊಮ್ ನೋಟು ತಿರುಗಿಸಿ ನೋಡಿ. ಇಲ್ಲಿ ತಖ್ತ್ ಮಹಲಿನ ಹುಲಿ ಎಲ್ಲಿದೆ ಅಂತ ಕೇಳಿದರೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಸಮರ್ಕಂದ್‌ನ ಬೀಬಿ ಖಾನುಂ ಮಸೀದಿಯ ಕತೆ ಕಂಟ್ರಾಕ್ಟರುಗಳು ಕೇಳಲೇಬೇಕಾದದ್ದು. ತೈಮೂರ್ 1398ರಲ್ಲಿ ದಿಲ್ಲಿಯನ್ನು ಸೂರೆ ಮಾಡಿದ. ಆ ಸಂಪತ್ತು, ಹಿಡಿದೊಯ್ದ ಕುಶಲಕರ್ಮಿಗಳು, ಕಲ್ಲು ಸಾಗಿಸಲು ಇಲ್ಲಿಂದಲೇ ಹೊಡೆದೊಯ್ದ ಆನೆಗಳು, ಎಲ್ಲ ಸೇರಿಸಿ 1399ರಲ್ಲಿ ಕೆಲಸ ಶುರು ಮಾಡಿಸಿದ. ಲೋಕದಲ್ಲೇ ಇಂಥದ್ದು ಇನ್ನೊಂದು ಇರಬಾರದು ಅನ್ನುವ ಹಟ. 1404ರಲ್ಲಿ ಅಲ್ಲಿದ್ದ ಸ್ಪೇನಿನ ರಾಯಭಾರಿ ಕ್ಲಾವಿಹೊ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ಬಾಗಿಲು ತಗ್ಗಾಯಿತು ಅಂತ ತೈಮೂರ್ ಅದನ್ನು ಕೆಡವಿಸಿದ. ಆಗ ಅವನಿಗೆ ಮೈಯಲ್ಲಿ ಶಕ್ತಿ ಇರಲಿಲ್ಲ, ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಿದ್ದರು. ಬಂದು ಪಾಯದ ಗುಂಡಿಯ ಅಂಚಲ್ಲಿ ಕೂತು, ಕೆಳಗೆ ದುಡಿಯುವವರಿಗೆ ಬೇಯಿಸಿದ ಮಾಂಸ ಎಸೆಯುತ್ತಿದ್ದನಂತೆ, ಒಮ್ಮೊಮ್ಮೆ ನಾಣ್ಯವನ್ನೂ. ಬೇಗ, ಬೇಗ ಅನ್ನುವುದೊಂದೇ ಮಾತು. ದೊಡ್ಡ ಸಾಹೇಬರು ಸೈಟಿಗೆ ಬಂದು ಕೂತರೆ ಕೆಲಸ ಹೇಗಾಗುತ್ತದೆ ಅಂತ ಇಲ್ಲಿರುವ ನನ್ನ ಸಹೋದ್ಯೋಗಿಗಳಿಗೆ ಹೇಳಬೇಕಾಗಿಲ್ಲ. ಮಸೀದಿ ಮುಗಿದ ಸ್ವಲ್ಪ ಕಾಲಕ್ಕೇ ಇಟ್ಟಿಗೆ ಉದುರಲು ಶುರುವಾಯಿತು. ಅಳತೆ ಅತಿಯಾಗಿತ್ತು, ಅವಸರ ಅದಕ್ಕಿಂತ ಅತಿ, ಮೇಲೆ ಭೂಕಂಪದ ನೆಲ. 1897ರ ಭೂಕಂಪದಲ್ಲಿ ಉಳಿದದ್ದೂ ಕುಸಿಯಿತು. ಈಗ ಕಾಣುವುದು ಬಹುಮಟ್ಟಿಗೆ 1970ರ ದಶಕದಿಂದೀಚೆಗೆ ಕಾಂಕ್ರೀಟ್ ಹಾಕಿ ಎಬ್ಬಿಸಿದ್ದು. ದೂರದಿಂದ ಭವ್ಯ. ಹತ್ತಿರ ಹೋದರೆ ನನಗೆ ಹೊಸ ಕಟ್ಟಡದ ವಾಸನೆ ಬಂತು. ಒಳಗಿನ ಬಿರುಕುಗಳನ್ನು ಅಲ್ಲಲ್ಲಿ ಹಾಗೇ ಬಿಟ್ಟಿದ್ದಾರೆ, ಅವೇ ಚೆನ್ನಾಗಿವೆ.

ಸಮರ್ಕಂದ್‌ನಲ್ಲಿ ಒಂದೇ ಜಾಗ ನೋಡಲು ಸಮಯ ಇದೆ ಅಂದರೆ ನಾನು ರೆಗಿಸ್ತಾನ್ ಹೇಳುವುದಿಲ್ಲ. ಶಾಹ್-ಇ-ಜಿಂದಾ ಎನ್ನುತ್ತೇನೆ. ಗುಡ್ಡದ ಮೇಲೆ ಹತ್ತಿಕೊಂಡು ಹೋಗುವ ಒಂದು ಇಕ್ಕಟ್ಟು ಓಣಿ, ಎರಡೂ ಕಡೆ ಗೋರಿಗಳ ಸಾಲು, ಹೆಚ್ಚಿನವು 14, 15ನೇ ಶತಮಾನದವು. ಪ್ರವಾದಿಯವರ ಬಂಧು ಕುಸಮ್ ಇಬ್ನ್ ಅಬ್ಬಾಸ್ ಅವರ ಸಮಾಧಿ ಅಲ್ಲಿದೆ ಎಂಬ ನಂಬಿಕೆ ಇರುವುದರಿಂದ ಈಗಲೂ ಜನ ಹರಕೆ ಹೊತ್ತು ಬರುತ್ತಾರೆ. ನಮ್ಮ ಬಂದೇ ನವಾಜ್ ದರ್ಗಾಕ್ಕೆ ಬರುವ ಹಾಗೆ ಅಜ್ಜಿಯರು, ಕೈಗೂಸು ಎತ್ತಿಕೊಂಡ ಸೊಸೆಯರು. ಇಲ್ಲೂ 2005ರ ಸುಮಾರಿಗೆ ಜೋರಾಗಿಯೇ ರಿಪೇರಿ ಆಗಿದೆ. ಆದರೆ ಶಾದಿ ಮುಲ್ಕ್ ಆಗಾ ಗೋರಿಯ ಮುಂದೆ ನಿಲ್ಲಿ. 1372ರದ್ದು. ತೈಮೂರನ ಸೋದರಿ ತನ್ನ ಮಗಳಿಗಾಗಿ ಕಟ್ಟಿಸಿದ್ದು. ಇದರಲ್ಲಿ ಹಳೆಯ ಕೆಲಸ ಬಹಳಷ್ಟು ಉಳಿದಿದೆ.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಬಿಲ್ಲೆ ಅಂದರೆ ಎಲ್ಲವೂ ಒಂದೇ ಅಲ್ಲ. ಆ ಓಣಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಕೆಲಸ ಸಿಗುತ್ತದೆ. ಮೊದಲನೆಯದು, ಹಸಿ ಮಣ್ಣನ್ನೇ ಆಳವಾಗಿ ಕೆತ್ತಿ, ಮೆರುಗು ಬಳಿದು, ಭಟ್ಟಿಯಲ್ಲಿ ಸುಟ್ಟದ್ದು. ಬೆರಳಿನ ಗೆಣ್ಣು ಮುಳುಗುವಷ್ಟು ಆಳದ ಕೆತ್ತನೆ. ಬಿಸಿಲು ಓರೆಯಾದಾಗ ಅದರ ನೆರಳು ನೋಡಬೇಕು. ಎರಡನೆಯದು, ಒಂದೊಂದು ಬಣ್ಣದ ಹಲಗೆಯನ್ನು ಬೇರೆ ಬೇರೆ ಸುಟ್ಟು, ಆಮೇಲೆ ಹೂವು, ಎಲೆ, ಅಕ್ಷರದ ಆಕಾರಕ್ಕೆ ಚೂರು ಚೂರಾಗಿ ಕತ್ತರಿಸಿ ಜೋಡಿಸುವುದು. ತಾಮ್ರ ಹಾಕಿದರೆ ಆ ಹಸಿರು ಮಿಶ್ರಿತ ತಿಳಿನೀಲಿ, ಕೋಬಾಲ್ಟ್ ಹಾಕಿದರೆ ಗಾಢ ನೀಲಿ, ತವರದಿಂದ ಬಿಳಿ. ಒಂದೊಂದು ಬಣ್ಣವೂ ಒಂದೊಂದು ಕಾವಿನಲ್ಲಿ ಚೆನ್ನಾಗಿ ಏಳುತ್ತದೆ. ಅದಕ್ಕೇ ಬೇರೆ ಬೇರೆ ಸುಡುವುದು, ಅದಕ್ಕೇ ಬಣ್ಣ ಅಷ್ಟು ಗಟ್ಟಿ. ಸಮಯವೂ ಜಾಸ್ತಿ, ದುಡ್ಡೂ ಜಾಸ್ತಿ. ಮೂರನೆಯದು ಅವಸರದವರದ್ದು. ಒಂದೇ ಬಿಲ್ಲೆಯ ಮೇಲೆ ಎಣ್ಣೆಯಂಶ ಬೆರೆಸಿದ ಕಪ್ಪು ಗೆರೆ ಎಳೆದು, ರಂಗೋಲಿಯಲ್ಲಿ ಗೆರೆಯೊಳಗೆ ಬಣ್ಣ ತುಂಬುವ ಹಾಗೆ ತುಂಬಿ, ಒಂದೇ ಸಲ ಸುಡುವುದು. ಗೆರೆ ಇರುವುದರಿಂದ ಒಂದು ಬಣ್ಣ ಇನ್ನೊಂದಕ್ಕೆ ಹರಿಯುವುದಿಲ್ಲ. ಕೆಲಸ ಬೇಗ, ಆದರೆ ಎಲ್ಲ ಬಣ್ಣಕ್ಕೂ ಒಂದೇ ಕಾವು.

ಗವಾನ್ ಮದರಸಾದ ಮುಂಭಾಗಕ್ಕೆ ನಮ್ಮವರು ಆರಿಸಿಕೊಂಡದ್ದು ಚೂರು ಕತ್ತರಿಸಿ ಜೋಡಿಸುವ ಆ ಎರಡನೆಯ, ದುಬಾರಿ ಬಗೆಯನ್ನು. ಬೆಳಗಿನ ಬಿಸಿಲಲ್ಲಿ ಮಿನಾರಿನ ಕೆಳಗೆ ನಿಂತು ಕತ್ತೆತ್ತಿ ನೋಡಿ. ಮಿನಾರಿನ ಮೈಗೆ ಅಂಕುಡೊಂಕು ಪಟ್ಟೆ, ಮಾಳಿಗೆಯ ಅಂಚಿನ ಕೆಳಗೆ ನೀಲಿ ನೆಲದ ಮೇಲೆ ಬಿಳಿ ಅಕ್ಷರದ ಸಾಲು. ಆ ಅಕ್ಷರ ಬರೆದದ್ದಲ್ಲ, ಕತ್ತರಿಸಿ ಕೂರಿಸಿದ್ದು. ಬಿದ್ರಿ ಕೆಲಸದವರಿಗೆ ಈ ಶ್ರಮ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೂಜಿಯ ಮೇಲೆ ಬೆಳ್ಳಿ ತಂತಿ ಕೂರಿಸಲು ಅವರು ಪಡುವ ಪಾಡು ಅದೇ ಜಾತಿಯದು.

ಹಾಗಾದರೆ ಬಿಲ್ಲೆಗಳು ಯಾಕೆ ಉದುರಿದವು? ನನ್ನ ಕಸುಬಿನ ಪ್ರಕಾರ ಮೊದಲ ಕಳ್ಳ ನೀರು. ಬಿಲ್ಲೆ ನಿಲ್ಲುವುದು ಹಿಂದಿನ ಗಚ್ಚಿನ ಬಲದಿಂದ. ಮೇಲಿನ ಮಾಳಿಗೆಯಲ್ಲಿ ಎಲ್ಲೋ ಬಿರುಕು ಬಿಟ್ಟರೆ ನೀರು ಒಳಗಿಂದ ಇಳಿದು ಬಂದು ಗಚ್ಚನ್ನು ಸಡಿಲ ಮಾಡುತ್ತದೆ. ಹೊರಗಿನ ಹೊಳಪು ಹಾಗೇ ಇರುತ್ತದೆ, ಹಿಂದೆ ಟೊಳ್ಳು. ಒಂದು ಬಿಲ್ಲೆ ಬಿದ್ದರೆ ಆ ತೂತಿನಿಂದ ಮತ್ತೂ ನೀರು, ಪಕ್ಕದ್ದೂ ಬೀಳುತ್ತದೆ. ಸಮರ್ಕಂದ್‌ನಲ್ಲಿ ಮಳೆ ನಮಗಿಂತ ಬಹಳ ಕಮ್ಮಿ. ಆದರೂ ಅಲ್ಲಿ ಬಿದ್ದಿವೆ. ನಮ್ಮ ಮುಂಗಾರು ಹೊಡೆತದಲ್ಲಿ ಐದೂವರೆ ಶತಮಾನ ಅಷ್ಟಾದರೂ ಅಂಟಿಕೊಂಡಿವೆಯಲ್ಲ, ಆ ಗಚ್ಚು ಕಲಸಿದವನಿಗೆ ಕೈ ಮುಗಿಯಬೇಕು.

ಹೊಸ ಬಿಲ್ಲೆ ಯಾವುದು, ಹಳೆಯದು ಯಾವುದು ಗೊತ್ತು ಮಾಡುವುದು ಸುಲಭ. ಹೊಸದಾದರೆ ಬಣ್ಣ ಒಂದೇ ಸಮ, ಸಂದು ನೆಟ್ಟಗೆ. ಹಳೆಯದಾದರೆ ಪಕ್ಕಪಕ್ಕದ ಎರಡು ಚೂರುಗಳ ನೀಲಿಯೂ ಒಂದೇ ಇರುವುದಿಲ್ಲ, ಮೆರುಗಿನ ಮೇಲೆ ಕೂದಲೆಳೆಯಂಥ ಬಿರುಕು ಹರಡಿರುತ್ತದೆ. ಇದನ್ನು ಇಲ್ಲೇ ನಮ್ಮ ಮದರಸಾದಲ್ಲಿ, ಅಲಿ ಬರೀದ್ ಗೋರಿಯಲ್ಲಿ ನೋಡಿ ಅಭ್ಯಾಸ ಮಾಡಿಕೊಂಡು ಹೋಗಿ. ಅಲ್ಲಿ ಗೈಡ್ ಹೇಳುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ತೈಮೂರನ ಗೋರಿ ಗೂರ್-ಎ-ಅಮೀರ್ ಕೂಡ ನೋಡಿದೆವು. ಹೊರಗೆ ಪಟ್ಟೆಪಟ್ಟೆಯ ನೀಲಿ ಗುಂಬಜ್, ಒಳಗೆ ಕಪ್ಪು ಹಸಿರಿನ ಒಂದು ಜೇಡ್ ಕಲ್ಲು, ಸುತ್ತ ಚಿನ್ನವೋ ಚಿನ್ನ. ಆ ಚಿನ್ನಕ್ಕೆ ಕಳೆದ ಶತಮಾನದಲ್ಲಿ ಮತ್ತೆ ಮೆರುಗು ಕೊಟ್ಟಿದ್ದಾರೆ. ನಮ್ಮ ಅಷ್ಟೂರಿನ ಅಹ್ಮದ್ ಶಾ ವಲಿಯ ಗೋರಿಯ ಒಳಗಿನ ಬಣ್ಣ ನೆನಪಾಯಿತು. 1436ರಲ್ಲಿ ತೀರಿಕೊಂಡ ಸುಲ್ತಾನ ಅವನು. ಅಲ್ಲಿನ ಕೆಂಪು, ನೀಲಿ, ಚಿನ್ನದ ಬರಹ ಬಹುಪಾಲು ಹಳೆಯದೇ. ಒಳಗೆ ಕತ್ತಲು. ಹಾಗಾಗಿ ಅಲ್ಲಿರುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಗುಂಬಜ್ ಒಳಗೆ ಹರಿಸಿ ತೋರಿಸುತ್ತಾರೆ. ಗೂರ್-ಎ-ಅಮೀರ್‌ನಲ್ಲಿ ಎಲ್ಲ ಕಡೆ ವಿದ್ಯುದ್ದೀಪ. ಯಾವುದು ಚೆನ್ನ ಅಂತ ಕೇಳಿದರೆ ನಾನು ಅಷ್ಟೂರಿನ ಪಕ್ಷ. ಸಲಾಮು ಸಲ್ಲಿಸಲು ಹಿಂದೂ, ಮುಸ್ಲಿಂ ಇಬ್ಬರೂ ಬರುವ ಉರುಸು ನಡೆಯುವುದೂ ಅಲ್ಲೇ ಅಲ್ವಾ.

ಕಲಬುರಗಿಯವರಿಗೆ ಒಂದು ಮಾತು. ಉಲುಘ್ ಬೇಗ್ 1420ರ ದಶಕದಲ್ಲಿ ಸಮರ್ಕಂದ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿದ. ಸುಮಾರು 40 ಮೀಟರ್ ತ್ರಿಜ್ಯದ ಕಲ್ಲಿನ ಕಮಾನು, ಅದರ ಮೇಲೆ ಡಿಗ್ರಿಗಳ ಗುರುತು. ಅಲ್ಲಿ ಅಳೆದು 1018 ನಕ್ಷತ್ರಗಳ ಪಟ್ಟಿ ಮಾಡಿದರು. 1449ರಲ್ಲಿ ಮಗನೇ ಅವನನ್ನು ಕೊಲ್ಲಿಸಿದ. ಕಟ್ಟಡ ನೆಲಸಮವಾಗಿ ಎಲ್ಲಿತ್ತು ಅನ್ನುವುದೂ ಮರೆತುಹೋಯಿತು. 1908ರಲ್ಲಿ ವ್ಯಾತ್ಕಿನ್ ಎಂಬ ಪುರಾತತ್ವಜ್ಞ ಅಗೆದಾಗ ನೆಲದೊಳಗಿನ ಭಾಗ ಸಿಕ್ಕಿತು. ಈಗ ಮೇಲಿನಿಂದ ಬಗ್ಗಿ ನೋಡಬಹುದು. ಇದಕ್ಕೂ ಮೊದಲೇ, 1407ರಲ್ಲಿ, ಕಲಬುರಗಿಯಿಂದ ಆಳುತ್ತಿದ್ದ ಫಿರೋಜ್ ಶಾ ಬಹಮನಿ ದೌಲತಾಬಾದ್ ಹತ್ತಿರ ವೀಕ್ಷಣಾಲಯ ಕಟ್ಟಲು ಹೇಳಿದ್ದ. ಅದರ ಉಸ್ತುವಾರಿಯ ಪಂಡಿತ ತೀರಿಕೊಂಡ ಮೇಲೆ ಕೆಲಸ ಅರ್ಧಕ್ಕೇ ನಿಂತಿತು ಎಂದು ಹಳೆಯ ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಈ ಫಿರೋಜ್ ಶಾನ ಗೋರಿ ನಿಮ್ಮ ಹಫ್ತ್ ಗುಂಬಜ್‌ನಲ್ಲಿದೆ. ಇನ್ನು ಮೇಲೆ ಅಲ್ಲಿಗೆ ಹೋದಾಗ ಇದನ್ನೂ ಮಕ್ಕಳಿಗೆ ಹೇಳಿ.

ಬುಖಾರಾ ಬಗ್ಗೆ ಹೇಳುವಾಗ ನಾನು ಸ್ವಲ್ಪ ಪಕ್ಷಪಾತಿ. ಸಮರ್ಕಂದ್ ನೋಡಲು ಹೋಗುವ ಊರು, ಬುಖಾರಾ ಸುತ್ತಾಡುವ ಊರು. ಅಲ್ಲಿ ನೀಲಿ ಕಮ್ಮಿ, ಇಟ್ಟಿಗೆಯದ್ದೇ ರಾಜ್ಯ. ಹಿಂದೆ ಅಲ್ಲಿ ಆಳಿದ ಇಸ್ಮಾಯಿಲ್ ಸಾಮಾನಿಯ ಗೋರಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಚೌಕಾಕಾರದ ಚಿಕ್ಕ ಕಟ್ಟಡ, ಒಂದು ಬದಿ ಸುಮಾರು 10 ಮೀಟರ್. ಒಂದು ಹನಿ ಬಣ್ಣ ಇಲ್ಲ. ಸುಟ್ಟ ಇಟ್ಟಿಗೆಯನ್ನೇ ಅಡ್ಡ, ಉದ್ದ, ಓರೆ, ಒಳಗೆ, ಹೊರಗೆ ಇಟ್ಟು ಮೈತುಂಬಾ ನೇಯ್ದಿದ್ದಾರೆ. ಬೆಳಿಗ್ಗೆ ಒಂದು ವಿನ್ಯಾಸ, ಮಧ್ಯಾಹ್ನ ಒಂದು, ಸಂಜೆ ಮತ್ತೊಂದು. ಇದು ಉಳಿದದ್ದು ಹೇಗೆ ಗೊತ್ತಾ? ಕಾಲಕ್ರಮೇಣ ಸುತ್ತ ಮಣ್ಣು, ಗೋರಿಗಳು ಏರಿ ಅರ್ಧ ಹೂತುಹೋಗಿತ್ತು. 1930ರ ದಶಕದಲ್ಲಿ ಬಿಡಿಸಿ ತೆಗೆದರು. ಯಾರೂ ಗಮನ ಕೊಡದೇ ಇದ್ದದ್ದೇ ಕಾಪಾಡಿತು.

ಕಲಾನ್ ಮಿನಾರು 1127ರದ್ದು, ಎತ್ತರ ಸುಮಾರು 46 ಮೀಟರ್. 1220ರಲ್ಲಿ ಚೆಂಗೀಸ್ ಖಾನ್ ಊರನ್ನೆಲ್ಲ ಸುಟ್ಟರೂ ಇದನ್ನು ಬಿಟ್ಟ. 1920ರಲ್ಲಿ ಕೆಂಪು ಸೇನೆಯ ಫಿರಂಗಿಗಳು ಬಿಡಲಿಲ್ಲ, ಏಟು ಬಿತ್ತು, ಆಮೇಲೆ ದುರಸ್ತಿ ಮಾಡಿದರು. ಲ್ಯಾಬ್-ಇ-ಹೌಜ್ 1620ರ ಹೊತ್ತಿನ ಕೊಳ. ಸುತ್ತ ಹಳೇ ಹಿಪ್ಪುನೇರಳೆ ಮರ, ಮರದ ಕೆಳಗೆ ಚಹಾ. ಮೊದಲು ಬುಖಾರಾದಲ್ಲಿ ಇಂಥ ಕೊಳಗಳು ತುಂಬಾ ಇದ್ದವು. ಅದೇ ನೀರು ಕುಡಿದು ಜನರಿಗೆ ನಾರುಹುಣ್ಣು ಆಗುತ್ತಿತ್ತು. ಅದಕ್ಕೆ ಸೋವಿಯತ್ ಕಾಲದಲ್ಲಿ ಹೆಚ್ಚಿನವನ್ನು ಬತ್ತಿಸಿದರು. ನಾರುಹುಣ್ಣು ಅಂದರೆ ನಮ್ಮ ಕಡೆಯ ಹಿರಿಯರಿಗೆ ಗೊತ್ತು, ಮೆಟ್ಟಿಲು ಬಾವಿಯಿಂದ ಬರುತ್ತಿದ್ದದ್ದು. ಚಂದದ ಕೊಳ ಹಾಳು ಮಾಡಿದರು ಅಂತ ಪ್ರವಾಸಿ ಬೈಯುವುದು ಸುಲಭ, ಕಾಲಿಂದ ಹುಳ ಎಳೆಸಿಕೊಂಡವನು ಬೈಯಲಾರ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಕಾಲೇಜು ಹುಡುಗಿ ಕೇಳಿದಳು: "ಸರ್, ಸಮರ್ಕಂದ್ ಥರ ನಮ್ಮ ಮದರಸಾವನ್ನೂ ಪೂರ್ತಿ ಕಟ್ಟಿಬಿಟ್ಟರೆ ಆಗಲ್ವಾ?"

ಬೇಡಮ್ಮ ಅಂದೆ. ಬಿದ್ದ ಅರ್ಧದಲ್ಲಿ ಯಾವ ಅಕ್ಷರ, ಯಾವ ಹೂವು ಇತ್ತು ಅಂತ ಯಾರ ಹತ್ತಿರವೂ ಪೂರ್ತಿ ದಾಖಲೆ ಇಲ್ಲ. ಇಲ್ಲದ್ದನ್ನು ಊಹಿಸಿ ಕಟ್ಟಿದರೆ ಅದು ನಮ್ಮ ಕಾಲದ ಕಟ್ಟಡ ಆಗುತ್ತದೆ, ಗವಾನನದಲ್ಲ. ಇರುವುದು ಬೀಳದ ಹಾಗೆ ಮಾಳಿಗೆಯ ನೀರು ತಡೆಯಲಿ, ಸಡಿಲವಾದ ಬಿಲ್ಲೆಗಳ ಹಿಂದೆ ಸುಣ್ಣದ ಗಾರೆ ತುಂಬಲಿ. ಸಮರ್ಕಂದ್ 2001ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಬೀದರ್, ಕಲಬುರಗಿ ಸೇರಿದಂತೆ ದಖ್ಖನಿ ಸುಲ್ತಾನರ ಕಟ್ಟಡಗಳು 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿವೆ. ಪಟ್ಟಿ ಸೇರಲಿ ಅನ್ನುವ ಆಸೆಗೆ ಪಾಲಿಶ್ ಹೊಡೆಯುವುದು ಬೇಡ.

ಇನ್ನೊಬ್ಬರು ಊಟದ ಬಗ್ಗೆ ಕೇಳಿದರು, ಅವರದೂ ಸಸ್ಯಾಹಾರಿ ಮನೆ. ಕಷ್ಟ ಇದೆ, ಆದರೆ ಉಪವಾಸ ಬೀಳುವುದಿಲ್ಲ. ಸಮರ್ಕಂದ್‌ನ ದಪ್ಪ ನಾನ್ ಜಗತ್ಪ್ರಸಿದ್ಧ, ಬಿಸಿಯಾಗಿದ್ದಾಗ ಬರೀ ಅದನ್ನೇ ತಿನ್ನಬಹುದು. ಟೊಮೆಟೊ, ಈರುಳ್ಳಿ ಸಲಾಡ್, ಕುಂಬಳಕಾಯಿ ಹಾಕಿದ ಸಮೋಸದಂಥದ್ದು, ಕರಬೂಜ, ದ್ರಾಕ್ಷಿ ಸಿಗುತ್ತವೆ. ಪಲಾವ್‌ನಲ್ಲಿ ಮಾಂಸ ತೆಗೆದು ಬರೀ ಅನ್ನ ಕೊಟ್ಟು "ಇದು ವೆಜ್" ಎನ್ನುತ್ತಾರೆ, ಮೊದಲೇ ಕೇಳಿಕೊಳ್ಳಿ. ನಾವು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ಹೋಟೆಲಿನ ಅಡುಗೆಯಾಕೆ ರೊಟ್ಟಿ ಮುರಿದು ರುಚಿ ನೋಡಿ, ಹಿಂಡಿಯ ಡಬ್ಬಿಯನ್ನೇ ಕೇಳಿದಳು. ನಮ್ಮ ಮನೆಯವರು ಅರ್ಧ ಕೊಟ್ಟರು, ಪೂರ್ತಿ ಕೊಡಲು ಮನಸ್ಸು ಬರಲಿಲ್ಲ.

ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಅಂದೆ. ಜೂನ್, ಜುಲೈಯಲ್ಲಿ ಅಲ್ಲೂ 40 ಡಿಗ್ರಿ. ಬಿಸಿಲು ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ಮೇ ತಿಂಗಳಲ್ಲಿ ಕಲಬುರಗಿಗೆ ಹೋದರೆ ಸಾಕು. ಇನ್ನೊಂದು, ಆಫ್ರೊಸಿಯೋಬ್ ರೈಲಿನ ಟಿಕೆಟ್ ಬೇಗ ಖಾಲಿಯಾಗುತ್ತದೆ. ವಿಮಾನದ ಟಿಕೆಟ್ ಆದ ಕೂಡಲೇ ಅದನ್ನು ನೋಡಿಕೊಳ್ಳಿ. ಸಿಗದಿದ್ದರೆ ಶಾರ್ಕ್ ಅಂತ ನಿಧಾನದ ರೈಲು ಇದೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಹತ್ತಿ ಹೊಲ ಕಾಣುತ್ತದೆ, ನಮ್ಮ ಕಡೆಯವರಿಗೆ ಬೇಜಾರಾಗುವುದಿಲ್ಲ.